ದಾರ ಮೂವತ್ತಮೂರು, ಅಂಗಿ ಇಪ್ಪತ್ತೇಳು

ಗಾರ್ಮೆಂಟ್ಸ್‌ನಲ್ಲಿ ಅವಳನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷದಿಂದ ಚೆಕಿಂಗ್ ಮೇಜಿನ ಮುಂದೆ ನಿಂತು ಅಂಗಿಗಳ ತಪ್ಪು ಹುಡುಕುವ ಕೆಲಸ. ಬಿಟ್ಟುಹೋದ ಒಂದು ಹೊಲಿಗೆಯೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಅಂಥವಳು ಸೂಪರ್‌ವೈಸರ್ ಪರೀಕ್ಷೆಯ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು, ಎರಡನೆಯ ಸಲ ಬರೀ ಎರಡು ಅಂಕಕ್ಕೆ. ಮೂರನೆಯದೇ ಕೊನೆಯ ಅವಕಾಶ. ಅದಕ್ಕಿನ್ನು ಎಂಟು ದಿನ. ಅವಳಿಗೆ ಕೈಕೊಡುತ್ತಿದ್ದದ್ದು ಒಂದೇ ಬಗೆಯ ಲೆಕ್ಕ: ಇಷ್ಟು ಜನಕ್ಕೆ ಇದು ಬೇಕು, ಇಷ್ಟು ಜನಕ್ಕೆ ಅದು ಬೇಕು, ಇಷ್ಟು ಜನಕ್ಕೆ ಎರಡೂ ಬೇಕು, ಯಾವುದೂ ಬೇಡದವರೆಷ್ಟು?

ಭಾನುವಾರ ಬೆಳಿಗ್ಗೆ ಹತ್ತನೇ ಕ್ಲಾಸಿನ ಮಗಳು ನೋಟ್‌ಬುಕ್ ಹಿಡಿದು ಎದುರು ಕೂತಳು.

"ಅಮ್ಮಾ, ನಿಂಗೆ ಸುಲಭ ಆಗ್ಲಿ ಅಂತ ಅಂಗಿ ಲೆಕ್ಕಾನೇ ಮಾಡಿದೀನಿ. ಒಟ್ಟು ನಲವತ್ತು. ಹದಿನೆಂಟರಲ್ಲಿ ಗುಂಡಿ ಸರಿಯಿಲ್ಲ, ಹದಿನೈದರಲ್ಲಿ ಹೊಲಿಗೆ ಸರಿಯಿಲ್ಲ, ಆರರಲ್ಲಿ ಎರಡೂ ಸರಿಯಿಲ್ಲ. ಚೆನ್ನಾಗಿರೋದೆಷ್ಟು?"

"ಒಂದು."

"ನಲವತ್ತಕ್ಕೆ ಒಂದಾ? ಹಾಗಾದ್ರೆ ನಿಮ್ಮ ಫ್ಯಾಕ್ಟರಿಗೆ ಬೀಗ ಹಾಕೋದೇ ವಾಸಿ!"

"ಗುಂಡಿ ಬುಟ್ಟೀಲಿ ಹದಿನೆಂಟು, ಹೊಲಿಗೆ ಬುಟ್ಟೀಲಿ ಹದಿನೈದು, ಎರಡೂ ಕೆಟ್ಟಿರೋ ಬುಟ್ಟೀಲಿ ಆರು. ಮೂವತ್ತೊಂಬತ್ತಾಯ್ತಲ್ಲ. ದಿನಾ ಮಾಡೋ ಕೆಲಸ ಕಣೇ, ನಂಗೇ ಹೇಳಿಕೊಡ್ತೀಯಾ?"

ಮಗಳು ಒಂದರ ಮೇಲೊಂದು ಏರಿದ ಎರಡು ವೃತ್ತ ಬರೆದಳು. "ಆ ಆರು ಈ ಹದಿನೆಂಟರ ಒಳಗೂ ಇದೆ, ಹದಿನೈದರ ಒಳಗೂ ಇದೆ."

"ಒಂದೇ ಅಂಗಿ ಎರಡು ಬುಟ್ಟೀಲಿ ಹೇಗಿರುತ್ತೆ?"

ಮಗಳು ಪೆನ್ನು ಕೆಳಗಿಟ್ಟಳು. ತಾಯಿ ಆ ವೃತ್ತಗಳ ಮೇಲೆ ಬೆರಳಾಡಿಸಿದಳು. ಅಂಗೈಯಗಲದ ಬಟ್ಟೆಯಲ್ಲಿ ಏನೆಲ್ಲ ಕಾಣುವ ತನಗೆ, ಮಗಳಿಗೆ ಕಾಣುವುದು ಯಾಕೆ ಕಾಣುತ್ತಿಲ್ಲ?

ಬಾಗಿಲ ಬಳಿ ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತಿದರು. ಮಂಡಿ ಸೋಲುವವರೆಗೂ ಅದೇ ಮೇಜಿನಲ್ಲಿ ದುಡಿದವರು. ಪರೀಕ್ಷೆಯ ಪುಸ್ತಕ ಮನೆಗೆ ಬಂದಾಗಿನಿಂದ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಈ ವಯಸ್ಸಿನಲ್ಲಿ ಇವಳಿಗೇಕೆ ಎಂಬ ಅಸಮಾಧಾನ ಇರಬೇಕು ಎಂದುಕೊಂಡಿದ್ದಳು ಸೊಸೆ.

"ನಮ್ಮ ಕಾಲದಲ್ಲಿ ಬುಟ್ಟಿ ಎಲ್ಲಿತ್ತೇ? ತಪ್ಪು ಕಂಡ್ರೆ ಅಂಗಿಗೆ ದಾರ ಕಟ್ತಿದ್ವಿ. ಗುಂಡಿಗೆ ಕೆಂಪು, ಹೊಲಿಗೆಗೆ ನೀಲಿ."

"ಎರಡೂ ಕೆಟ್ಟಿದ್ರೆ ಅತ್ತೆ?"

"ಎರಡೂ ದಾರ. ಇನ್ನೇನು, ಅಂಗೀನ ಕತ್ತರಿಸಿ ಎರಡು ಮಾಡ್ತಿದ್ವಾ?"

ಅವಳು ನೋಟ್‌ಬುಕ್ ಹತ್ತಿರ ಎಳೆದುಕೊಂಡಳು. ಕಣ್ಣ ಮುಂದೆ ಹದಿನೆಂಟು ಕೆಂಪು ದಾರ, ಹದಿನೈದು ನೀಲಿ. ಆದರೆ ಆರು ಅಂಗಿಗಳ ಮೇಲೆ ಎರಡೆರಡು.

"ದಾರ ಮೂವತ್ತಮೂರು," ಎಂದಳು ಮೆಲ್ಲಗೆ. "ಅಂಗಿ ಇಪ್ಪತ್ತೇಳೇ. ನಾನು ಇಷ್ಟು ದಿನ... ಚೆನ್ನಾಗಿರೋದು ಹದಿಮೂರು!"

"ಅಬ್ಬಾ! ಅಜ್ಜಿ, ಪರೀಕ್ಷೆ ನೀನೇ ಬರೀಬಹುದಿತ್ತು," ಎಂದಳು ಮಗಳು.

"ಅರ್ಜಿ ತಂದಿದ್ದೆ ಕಣೇ. ಎಲ್ರೂ ನಗ್ತಾರೆ ಅಂತ ತುಂಬಲೇ ಇಲ್ಲ." ಅತ್ತೆ ಸೊಸೆಯತ್ತ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದರು. "ನೀನು ಲೆಕ್ಕ ಮಾಡು. ಇವತ್ತಿನ ಅಡುಗೆ ನಂದು."

ಎಂಟು ದಿನ ಕಳೆದು ಪರೀಕ್ಷೆಯ ಹಾಲ್‌ನಲ್ಲಿ ಹದಿನಾಲ್ಕನೆಯ ಪ್ರಶ್ನೆ ಎದುರಾಯಿತು. ಅರವತ್ತು ಜನ, ಮೂವತ್ತೈದು ಜನ ಪತ್ರಿಕೆ ಓದುತ್ತಾರೆ, ಇಪ್ಪತ್ತೆಂಟು ಜನ ರೇಡಿಯೋ ಕೇಳುತ್ತಾರೆ, ಹನ್ನೊಂದು ಜನ ಎರಡನ್ನೂ. ಎರಡೂ ಇಲ್ಲದವರೆಷ್ಟು? ಕೂಡಿದರೆ ಅರವತ್ತಮೂರು, ಇರುವವರು ಅರವತ್ತೇ. ಹಿಂದಿನ ಸಲ ಇಂಥಲ್ಲೇ ಗಾಬರಿಬಿದ್ದು ಲೆಕ್ಕ ಬಿಟ್ಟು ಮುಂದೆ ಓಡಿದ್ದಳು. ಈಗ ನಿಧಾನವಾಗಿ ಒಬ್ಬೊಬ್ಬರ ಮಣಿಕಟ್ಟಿಗೂ ದಾರ ಕಟ್ಟುತ್ತ ಹೋದಳು. ದಾರ ಅರವತ್ತಮೂರು, ಜನ ಐವತ್ತೆರಡು. ಬರಿಗೈಯವರು ಎಂಟು.

ಕೊಟ್ಟ ನಾಲ್ಕು ಉತ್ತರಗಳಲ್ಲಿ ಎಂಟು ಇತ್ತು. ಅದರ ಮುಂದಿನ ವೃತ್ತವನ್ನು ಅಂಚು ದಾಟದಂತೆ ತುಂಬಿ, ಚೆಕಿಂಗ್ ಮೇಜಿನ ಮೇಲೆ ಮುಂದಿನ ಅಂಗಿ ಎಳೆದುಕೊಳ್ಳುವ ಹಾಗೆ ಪುಟ ಮಗುಚಿದಳು. ಅಲ್ಲಿ ಅಂಥವೇ ಇನ್ನೆರಡು ಲೆಕ್ಕ ಇದ್ದವು.