ಕಪಿಲೆ ಬಾವಿಯ ಮೇಲೊಂದು ವಿಮಾನ

ಬ್ಯಾಡರಹಳ್ಳಿಯ ಹೊಲಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ಮನೆಯಾದ ಮೇಲೂ ಚಿಕ್ಕಣ್ಣನವರ ಒಂದು ಹೊಲ ಮಾತ್ರ ಬಯಲಾಗಿಯೇ ಉಳಿದಿತ್ತು. ಭಾನುವಾರ ಬೆಳಗ್ಗೆ ಅಲ್ಲಿ ರಿಮೋಟ್ ವಿಮಾನ ಹಾರಿಸಬಹುದೇ ಎಂದು ನಾಗರಬಾವಿಯ ಕೀರ್ತನಾ ಬಂದು ಕೇಳಿದಳು. ಕಾನೂನು ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿಗೆ ಇದೆಂಥ ಮಕ್ಕಳಾಟ ಎಂದು ಒಳಗೊಳಗೇ ನಕ್ಕು ಚಿಕ್ಕಣ್ಣನವರು ಒಪ್ಪಿದರು.

ಹೊಲದ ಮೂಲೆಯಲ್ಲಿ ಹಾಸುಗಲ್ಲು ಮುಚ್ಚಿದ ಹಳೆಯ ಕಪಿಲೆ ಬಾವಿಯಿತ್ತು. ಹುಡುಗನಾಗಿದ್ದಾಗ ಅಲ್ಲಿ ಎತ್ತು ಹೊಡೆದವರು ಚಿಕ್ಕಣ್ಣನವರೇ. ಎತ್ತುಗಳು ಬಾವಿಗೆ ಬೆನ್ನು ಹಾಕಿ ಇಳಿಜಾರಿನಲ್ಲಿ ನಡೆದಂತೆ ಹಿಂದೆ ತೊಗಲಿನ ಬಾನಿ ನೀರು ತುಂಬಿಕೊಂಡು ಮೇಲೇರುತ್ತಿತ್ತು. ಆ ಇಳಿಜಾರಿನ ದಾರಿಯಲ್ಲೇ ಕೀರ್ತನಾಳ ವಿಮಾನ ಓಡಿ, ನೆಲ ಬಿಟ್ಟು ಎದ್ದಿತು.

ಎದ್ದದ್ದು ದೊಡ್ಡದಲ್ಲ. ಆಕಾಶದಲ್ಲಿ ಮಗುಚಿಕೊಂಡಿತು. ಅಂಗಳದಲ್ಲಿ ಅಂಗಾತ ಮಲಗಿದವರಷ್ಟು ನಿರಾಳವಾಗಿ, ಹೊಟ್ಟೆ ಮೇಲೆ ಮಾಡಿಕೊಂಡು, ಹೊಲದ ಈ ಬದುವಿನಿಂದ ಆ ಬದುವಿನವರೆಗೆ ತೇಲಿಹೋಯಿತು. ಗರುಡ ಕೂಡ ಹಾಗೆ ಹಾರಿದ್ದನ್ನು ಚಿಕ್ಕಣ್ಣನವರು ಕಂಡಿರಲಿಲ್ಲ. ತೆರೆದ ಬಾಯಿ ಮುಚ್ಚಲು ಮರೆತರು. ಸಾಯುವುದರೊಳಗೆ ತನ್ನ ಕೈಯಿಂದ ಒಂದು ಸಲ ಹೀಗೆ ಹಾರಿಸಬೇಕು ಎಂಬ ಆಸೆ ಆಗ ಹುಟ್ಟಿದ್ದು, ಹಲ್ಲುನೋವಿನ ಹಾಗೆ ಬಿಡಲೇ ಇಲ್ಲ.

ಕೀರ್ತನಾಳೇ ಗುರುವಾದಳು. ನೆಟ್ಟಗೆ ಹಾರಿಸುವುದು, ತಿರುಗಿಸುವುದು, ಇಳಿಸುವುದು ಎಲ್ಲ ಮಳೆಗಾಲ ಮುಗಿಯುವುದರೊಳಗೆ ಕೈಗೆ ಬಂತು. ಮಗುಚುವುದೂ ಬಂತು. ಮಗುಚಿದ ಮೇಲೆ ಉಳಿಸಿಕೊಳ್ಳುವುದು ಬರಲಿಲ್ಲ. ರಿಮೋಟಿನ ಕಡ್ಡಿಯನ್ನು ತನ್ನ ಕಡೆ ಎಳೆದರೆ ವಿಮಾನ ಮೇಲೇಳುತ್ತದೆ. ಆದರೆ ತಲೆಕೆಳಗಾದ ವಿಮಾನಕ್ಕೆ ಎಲ್ಲವೂ ಉಲ್ಟಾ. ಎಳೆದರೆ ನೆಲಕ್ಕೆ, ಮುಂದಕ್ಕೆ ತಳ್ಳಿದರೆ ಆಕಾಶಕ್ಕೆ. ಚಿಕ್ಕಣ್ಣನವರಿಗೆ ಇದು ಬಾಯಿಪಾಠವಾಗಿತ್ತು, ಆದರೆ ತಲೆಗೆ ಗೊತ್ತಿದ್ದರೆ ಸಾಕೇ, ಹೆಬ್ಬೆರಳಿಗೂ ಗೊತ್ತಾಗಬೇಕಲ್ಲ. ಬೀಳುವ ಕರುವಾಗಲಿ, ಕೂಸಾಗಲಿ, ತನ್ನ ಕಡೆ ಎಳೆದುಕೊಂಡೇ ಉಳಿಸಿ ಅಭ್ಯಾಸವಾದ ಕೈ ಅದು. ವಿಮಾನ ಜಾರಿದೊಡನೆ ಕೈ ಎಳೆಯುತ್ತಿತ್ತು, ವಿಮಾನ ಮಣ್ಣಿಗೆ ಮೂತಿ ಹೊಡೆಯುತ್ತಿತ್ತು. ದುಡ್ಡು ಕೊಟ್ಟು ತರಿಸಿದ ಮೂರು ವಿಮಾನ ಒಂದಾದ ಮೇಲೊಂದು ಪುಡಿಯಾದವು.

ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಿದ್ದ ಹೆಂಡತಿ ಮುನಿತಾಯಮ್ಮ ಈಗ ಖಂಡಿತವಾಗಿ ಹೇಳಿಬಿಟ್ಟರು. ನಾಲ್ಕನೆಯದೂ ಬಿದ್ದರೆ ರಿಮೋಟು ಅಟ್ಟಕ್ಕೆ, ಮತ್ತೆ ವಿಮಾನದ ಸುದ್ದಿ ಎತ್ತುವಂತಿಲ್ಲ. ಚಿಕ್ಕಣ್ಣನವರು ದೇವರ ಮುಂದೆ ಕೈಮುಗಿದು ಹೂಂ ಎಂದರು. ಆ ಮಾತಿಗೆ ತಪ್ಪುವಂತಿರಲಿಲ್ಲ.

ಮುಂದಿನ ಭಾನುವಾರ ಮುನಿತಾಯಮ್ಮ ತಾವೇ ಕಾಫಿಯ ಫ್ಲಾಸ್ಕು ಹಿಡಿದು ಹೊಲಕ್ಕೆ ಬಂದು ಬಾವಿಯ ಕಲ್ಲಿನ ಮೇಲೆ ಕೂತರು. ಅಟ್ಟದ ಏಣಿ ತರುವುದೊಂದೇ ಬಾಕಿ. ಅಷ್ಟು ಚೆನ್ನಾಗಿ ಹಾರುವುದು ಬೀಳುವುದಾದರೂ ಯಾಕೆ ಎಂದು ಕೀರ್ತನಾಳನ್ನು ಕೇಳಿದರು. ಅವಳು ಎಳೆಯುವ, ತಳ್ಳುವ ಲೆಕ್ಕವನ್ನು ಬಿಡಿಸಿ ಹೇಳಿದಳು.

ವಿಮಾನ ಎದ್ದಿತು. ಎರಡು ಸುತ್ತು ಬಂದು, ಬಾವಿಯ ನೇರಕ್ಕೆ ಮಗುಚಿಕೊಂಡಿತು. ಒಂದು ಗಳಿಗೆ ನೆಟ್ಟಗೆ ಹೋಗಿ ಮೂತಿ ಜಾರಿಸಿತು. ಕೀರ್ತನಾ ಪಕ್ಕದಲ್ಲೇ ನಿಂತು ತಳ್ಳಿ ಅಂಕಲ್, ತಳ್ಳಿ ಎನ್ನುತ್ತಿದ್ದಳು. ಚಿಕ್ಕಣ್ಣನವರಿಗೆ ಕೇಳಿಸುತ್ತಿತ್ತು, ಹೆಬ್ಬೆರಳಿಗೆ ಕೇಳಿಸಲಿಲ್ಲ. ಅದು ಕಡ್ಡಿಯನ್ನು ತನ್ನ ಕಡೆಗೆ ತರುತ್ತಿತ್ತು. ನೆಲ ಹತ್ತಿರವಾಯಿತು.

ಆಗ ಬಾವಿಯ ಕಡೆಯಿಂದ ಮುನಿತಾಯಮ್ಮನ ದನಿ ಬಂತು.

"ಎತ್ತು ಮುಂದಕ್ಕೆ ಹೊಡೀರಿ. ಬಾನಿ ಮೇಲಕ್ಕೆ ಬರುತ್ತೆ."

ಚಿಕ್ಕಣ್ಣನವರ ಕೈ ಯೋಚಿಸಲಿಲ್ಲ. ಐವತ್ತು ವರ್ಷದ ಕೆಳಗೆ ಕಲಿತದ್ದು ತಾನಾಗಿ ಬಂತು. ಹೆಬ್ಬೆರಳು ಎತ್ತನ್ನು ಇಳಿಜಾರಿಗೆ ಹೊಡೆದಂತೆ ಮುಂದಕ್ಕೆ ಹೋಯಿತು. ಹುಲ್ಲಿನ ತುದಿಯವರೆಗೆ ಬಂದಿದ್ದ ವಿಮಾನ ತಲೆಕೆಳಗಾಗಿಯೇ ಮೇಲೆದ್ದಿತು. ಬಾವಿಯ ಕಲ್ಲು, ಬದುವಿನ ಹೊಂಗೆ, ಆಚೆಯ ಮನೆಗಳ ನೀರಿನ ಟ್ಯಾಂಕು, ಎಲ್ಲದಕ್ಕೂ ಮೇಲೆ. ಅದರ ಹಳದಿ ಹೊಟ್ಟೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಇಷ್ಟು ವರ್ಷ ಈ ಹೊಲದಲ್ಲಿ ನೆಲ ನೋಡಿಕೊಂಡೇ ಬದುಕಿದ ಚಿಕ್ಕಣ್ಣನವರು ಕತ್ತೆತ್ತಿ ನೋಡುತ್ತಲೇ ಇದ್ದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಇದನ್ನು ನೋಡಲೆಂದೇ ಇಷ್ಟು ದಿನ ಬದುಕಿದ್ದೆನೇನೋ ಅನ್ನಿಸಿತು.

ಆ ಬದುವಿನ ತನಕ ಹೋದ ವಿಮಾನವನ್ನು ಅಂಗಾತದಿಂದ ಮತ್ತೆ ಸರಿಮಾಡಿ ತಿರುಗಿಸಿ ತಂದರು. ಇನ್ನು ಇಳಿಸಿಬಿಡೋಣ, ಮಾನ ಉಳಿಯಿತಲ್ಲ ಎಂದುಕೊಂಡು ಚಿಕ್ಕಣ್ಣನವರು ಹೆಂಡತಿಯ ಕಡೆ ತಿರುಗಿದರು. ಮುನಿತಾಯಮ್ಮ ಮುಖದ ಮೇಲಿದ್ದ ಸೆರಗನ್ನು ಆಗಷ್ಟೇ ಮೆಲ್ಲಗೆ ಇಳಿಸುತ್ತಿದ್ದರು.

"ಇನ್ನೊಂದ್ಸಲ ಮಗುಚಿ," ಎಂದರು. "ನಾನು ಕಣ್ಮುಚ್ಕೊಂಡಿದ್ದೆ."