ಮುಂದಕ್ಕೆ ಹಾಕುವ ಮಾತ್ರೆ

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹದಿನೇಳು ವರ್ಷ ದುಡಿದ ಅಕ್ಕನಿಗೆ ಬೆಂಕಿಯೆಂದರೆ ಭಯವಿರಲಿಲ್ಲ, ಮ್ಯಾನೇಜರ್ ಎಂದರೂ ಭಯವಿರಲಿಲ್ಲ, ಬಿಳಿ ಬೆಡ್‌ಶೀಟ್ ಎಂದರೆ ಭಯ. ಲಾಂಡ್ರಿಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ನಾವೂ ಹಾಗೇ ಕರೆಯೋಣ.

ಮೇಲಿನ ಕೋಣೆಗಳಿಂದ ಗಂಟುಗಂಟಾಗಿ ಬರುವ ಬಟ್ಟೆಯನ್ನು ಬಿಚ್ಚಿ ವಿಂಗಡಿಸುವುದು ಅವಳ ಕೆಲಸ. ಕಾಫಿ ಕಲೆ ಒಂದು ಕಡೆ, ಎಣ್ಣೆ ಕಲೆ ಇನ್ನೊಂದು ಕಡೆ, ರಕ್ತದ ಕಲೆ ಮಾತ್ರ ಸೀದಾ ತಣ್ಣೀರಿನ ತೊಟ್ಟಿಗೆ. ಬಿಸಿನೀರು ಸೋಕಿತೋ, ಆ ಕಲೆ ಜನ್ಮದಲ್ಲಿ ಬಿಡುವುದಿಲ್ಲ. ಪ್ರತಿ ಗಂಟಿನ ಮೇಲೂ ಕೋಣೆಯ ನಂಬರಿನ ಚೀಟಿ ಇರುತ್ತಿತ್ತು. ಹಾಗಾಗಿ ಯಾರ ಕಲೆ ಎಂಬುದು ಯಾರಿಗೂ ಗುಟ್ಟಲ್ಲ. ‘ಇನ್ನೂರ ಹನ್ನೊಂದಕ್ಕೆ ಮೈಮೇಲೆ ಪ್ರಜ್ಞೆ ಇಲ್ವೇನ್ರೇ? ತನ್ನ ಮನೇಲೂ ಹೀಗೇ ಮಲಗ್ತಾಳಾ?’ ಎಂದು ಒಬ್ಬಳು ಶುರು ಮಾಡಿದರೆ ಇನ್ನೊಬ್ಬಳು ಬಾಲ ಸೇರಿಸುತ್ತಿದ್ದಳು. ಹಾಗೆ ನಗುವವರೆಲ್ಲ ತಿಂಗಳು ತಿಂಗಳು ಮುಟ್ಟಾಗುವ ಹೆಂಗಸರೇ, ಆದರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಮ್ಮ ಅಕ್ಕ.

ಅವಳ ಮಗಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಇಪ್ಪತ್ತನಾಲ್ಕು ವರ್ಷ, ಒಬ್ಬಳೇ ಮಗಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಒಂದು ಸಂಜೆ ಅವಳು ಬಂದವಳೇ ಸಮುದ್ರದ ಊರಿನಲ್ಲಿ ಮೂರು ದಿನಕ್ಕೆ ಹೋಟೆಲ್ ಕೋಣೆ ಕಾದಿರಿಸಿದ್ದೇನೆ ಎಂದಳು. ಅಕ್ಕ ಬೇಡ ಎನ್ನಲು ಬಾಯಿ ತೆರೆಯುವ ಮೊದಲೇ ಮಗಳು ತಡೆದಳು. ‘ಹದಿನೇಳು ವರ್ಷ ಬೇರೆಯವರ ರಜೆ ಒಗೆದಿದ್ದೀಯಾ. ಈಗ ನೀನೊಂದು ರಜೆ ಮಾಡು, ಬೇರೆ ಯಾರಾದ್ರೂ ಒಗೀಲಿ.’

ಅಕ್ಕನಿಗೆ ಖುಷಿಯಿಂದ ಕಣ್ಣು ತುಂಬಿತು. ಆಮೇಲೆ ಕ್ಯಾಲೆಂಡರ್ ನೋಡಿದಳು, ಖುಷಿಯೆಲ್ಲ ಇಳಿದುಹೋಯಿತು. ಮುಟ್ಟಿನ ದಿನ ಸರಿಯಾಗಿ ರಜೆಯ ಎರಡನೇ ದಿನಕ್ಕೇ ಬರುತ್ತಿತ್ತು. ಮಗಳದ್ದು ಅದರ ಮಾರನೇ ದಿನ. ನಲವತ್ತಾರು ದಾಟಿದ ಮೇಲೆ ಅಕ್ಕನಿಗೆ ರಕ್ತ ಹೋಗುವುದಕ್ಕೆ ಹಿಡಿತವೇ ಇರಲಿಲ್ಲ. ಸ್ವಂತ ಮನೆಯಲ್ಲೇ ಹಳೇ ಟವೆಲ್ ಹಾಸಿಕೊಂಡು ಮಲಗುವವಳು. ಆ ಊರಿನ ಹೋಟೆಲಿನಲ್ಲೂ ನೆಲಮಾಳಿಗೆ ಇರುತ್ತದೆ, ಅಲ್ಲೂ ಒಬ್ಬಳು ಗಂಟು ಬಿಚ್ಚುತ್ತಾಳೆ, ಚೀಟಿ ಓದುತ್ತಾಳೆ. ಆ ನಗು ಹೇಗಿರುತ್ತದೆಂದು ಅಕ್ಕನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನವೇ ಔಷಧಿ ಅಂಗಡಿಗೆ ಹೋದಳು. ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಬೇಕು, ಎರಡು ಜನಕ್ಕೆ, ಎಂದಳು.

‘ಡಾಕ್ಟರ್ ಚೀಟಿ ಇಲ್ದೆ ಕೊಡೋ ಹಾಗಿಲ್ಲ ಅಕ್ಕ,’ ಎಂದ ಅಂಗಡಿಯವನು.

‘ಎಷ್ಟು ವರ್ಷದಿಂದ ನೋಡ್ತಿದ್ದೀಯಪ್ಪ ನನ್ನ. ಇಷ್ಟಕ್ಕೆಲ್ಲ ಡಾಕ್ಟರ ಮುಂದೆ ಹೋಗಿ ಕೂತ್ಕೊಳ್ಳಲಾ?’

ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ‘ಸರಿ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಮೊದಲು ಯಾವತ್ತಾದ್ರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಕಾಲು ಊದಿಕೊಂಡು ಆಸ್ಪತ್ರೆ ಸೇರಿದ್ದು, ಅಂಥದ್ದೇನಾದ್ರೂ?’

‘ಇಲ್ಲಪ್ಪ,’ ಎಂದಳು ಅಕ್ಕ.

ಹಸಿ ಸುಳ್ಳು. ಮಗಳು ಹುಟ್ಟಿದ ಒಂಬತ್ತನೇ ದಿನ ಅವಳ ಎಡಗಾಲು ತೊಡೆಯವರೆಗೂ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಹನ್ನೆರಡು ದಿನ ಆಸ್ಪತ್ರೆ. ಹೆಪ್ಪುಗಟ್ಟಿದ ರಕ್ತ ಎದೆಗೆ ಏರಿದ್ದರೆ ಉಳಿಯುತ್ತಿರಲಿಲ್ಲ, ಇನ್ನು ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಇದನ್ನು ಮೊದಲು ಹೇಳಬೇಕು ಎಂದು ಅಲ್ಲಿನ ಡಾಕ್ಟರ್ ಒತ್ತಿ ಒತ್ತಿ ಹೇಳಿದ್ದರು. ಅದೆಲ್ಲ ಅಕ್ಕನಿಗೆ ನೆನಪಿತ್ತು. ಆದರೆ ಅದಕ್ಕಿಂತ ಹೆಚ್ಚು ನೆನಪಿದ್ದದ್ದು ಅತ್ತೆಯ ಮಾತು. ಆಸ್ಪತ್ರೆಯ ವರಾಂಡದಲ್ಲಿ ಕೂಸನ್ನು ಎತ್ತಿಕೊಂಡು, ಹೋಗಿ ಬರುವವರಿಗೆಲ್ಲ ಕೇಳುವಂತೆ ಅಂದಿದ್ದರು: ‘ನೋಡಿ ಇದರ ಕಾಲ್ಗುಣ. ಬಂದ ಒಂಬತ್ತು ದಿನಕ್ಕೇ ತಾಯಿ ಕಾಲು ತಿಂತು.’

ಒಂಬತ್ತು ದಿನದ ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಅದಕ್ಕೆ ಕಾಲ್ಗುಣ! ಅಂದೇ ಅಕ್ಕ ಹಟ ತೊಟ್ಟಳು, ಈ ಮಾತು ಮಗಳ ಕಿವಿಗೆ ಬೀಳಬಾರದು ಎಂದು. ಮಾತು ಬೀಳದಿರಬೇಕಾದರೆ ಕಾಲಿನ ಸುದ್ದಿಯೇ ಏಳಬಾರದು. ಆಸ್ಪತ್ರೆಯ ಕಾಗದಗಳನ್ನು ಒಲೆಗೆ ಹಾಕಿದಳು. ಗಂಡನ ಬಾಯಿಗೂ ಬೀಗ ಹಾಕಿಸಿದಳು. ಅತ್ತೆ ಹೋದರು, ಗಂಡನೂ ಹೋದ, ಕಾಲಿನ ಕತೆ ಗೊತ್ತಿರುವವಳು ಅವಳೊಬ್ಬಳೇ ಉಳಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಯಾರು ಕೇಳಿದರೂ ‘ಇಲ್ಲ’ ಎಂದು ಹೇಳಿ ಹೇಳಿ, ಆ ಪದ ಅವಳ ಬಾಯಿಂದ ತಾನಾಗಿಯೇ ಬರುವಂತಾಗಿತ್ತು.

ಮಗಳಿಗೆ ಮಾತ್ರೆ ಬೇಕಿರಲಿಲ್ಲ. ‘ನನಗ್ಯಾಕಮ್ಮ? ನನ್ನದು ಆರಾಮಾಗಿ ಬಂದು ಆರಾಮಾಗಿ ಹೋಗುತ್ತೆ,’ ಎಂದು ತಳ್ಳಿಹಾಕಿದಳು.

‘ಬಿಳಿ ಹಾಸಿಗೆ ಕಣೇ ಪುಟ್ಟಿ. ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ದಿನಕ್ಕೆ ಮೂರು, ಅಷ್ಟೇ. ನುಂಗಿದ್ರೆ ಗಂಟೇನು ಹೋಗುತ್ತೆ?’

ಅಮ್ಮನ ಪೀಡೆ ತಾಳಲಾರದೆ ಮಗಳು ಒಪ್ಪಿದಳು. ಹೊರಡುವ ಮೂರು ದಿನ ಮೊದಲೇ ಇಬ್ಬರೂ ಶುರು ಮಾಡಿದರು. ಮರೆಯಬಾರದೆಂದು ಮಗಳು ಫೋನಿನಲ್ಲಿ ದಿನಕ್ಕೆ ಮೂರು ಸಲ ಗಂಟೆ ಹೊಡೆಯುವಂತೆ ಇಟ್ಟುಕೊಂಡಳು.

ಬಸ್ಸಿನಲ್ಲಿ ಎಂಟು ಗಂಟೆ ಕೂತು ಆ ಊರು ಸೇರಿದರು. ಕೋಣೆ ಮೂರನೇ ಮಹಡಿಯಲ್ಲಿತ್ತು, ಕಿಟಕಿ ತೆಗೆದರೆ ಸಮುದ್ರ. ಮಗಳು ಕಿಟಕಿಗೆ ಓಡಿದರೆ ಅಕ್ಕ ಹಾಸಿಗೆಯ ಹತ್ತಿರ ಹೋಗಿ ಶೀಟಿನ ಮೂಲೆ ಮಡಚಿ ನೋಡಿದಳು. ‘ಇಸ್ತ್ರಿ ಪರವಾಗಿಲ್ಲ. ನೀಲಿ ಜಾಸ್ತಿ ಹಾಕಿದ್ದಾರೆ,’ ಎಂದು ತೀರ್ಪು ಕೊಟ್ಟಳು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಸಂಜೆ ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ಕೈ ಕೈ ಹಿಡಿದು ನಿಂತರು. ಅಲೆ ಬಂದಾಗಲೆಲ್ಲ ಅಕ್ಕ ಚಿಕ್ಕ ಹುಡುಗಿಯಂತೆ ಕಿರುಚಿದಳು. ಗಂಡ ಸತ್ತ ಮೇಲೆ ಅಷ್ಟು ಸುಖವಾಗಿ ಅವಳು ಇದ್ದದ್ದೇ ಇಲ್ಲ.

ಎರಡನೇ ದಿನ ಬೆಳಿಗ್ಗೆ ಎಡಗಾಲಿನ ಮೀನಖಂಡದಲ್ಲಿ ಏನೋ ಹಿಡಿದುಕೊಂಡಿತು. ಮರಳಲ್ಲಿ ನಡೆದದ್ದಕ್ಕೆ ಇರಬೇಕು ಎಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬೆರಳಿಟ್ಟು ಒತ್ತಿದರೆ ಜೀವ ಹೋಗುವ ನೋವು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಎಡಗಾಲು ದಪ್ಪಗಾಗಿತ್ತು, ಮುಟ್ಟಿದರೆ ಬಿಸಿ. ಇಪ್ಪತ್ತನಾಲ್ಕು ವರ್ಷ ಕಳೆದರೂ ಆ ನೋವಿನ ಗುರುತು ಅವಳಿಗೆ ತಪ್ಪಲಿಲ್ಲ.

ಈಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ, ಮಹಾತಾಯಿ! ತನ್ನ ಪಾಲಿನ ಮಾತ್ರೆಯನ್ನು ಮಗಳಿಗೆ ಕಾಣದಂತೆ ಕಕ್ಕಸಿಗೆ ಹಾಕಿ ನೀರು ಬಿಟ್ಟಳು. ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ, ಇನ್ನೊಂದು ದಿನ ತಾನೆ, ಮಗಳ ರಜೆ ಹಾಳಾಗುವುದು ಬೇಡ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಗಳೂ ಅದೇ ಮಾತ್ರೆ ನುಂಗುತ್ತಿದ್ದಾಳೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಕಾಯಿಲೆ ತನ್ನದು, ತನ್ನ ಕಾಲಿನದು, ಎಂದಷ್ಟೇ ಅವಳ ತಿಳುವಳಿಕೆ.

ಮೂರನೇ ದಿನ ಬೆಳಿಗ್ಗೆ ಚಪ್ಪಲಿಯ ಪಟ್ಟಿ ಎಡಗಾಲಿಗೆ ಹಾಕಲು ಆಗಲಿಲ್ಲ. ಕನ್ನಡಕದ ಅಂಗಡಿಯವಳ ಕಣ್ಣು, ಸುಮ್ಮನೆ ಬಿಟ್ಟೀತೇ?

‘ಅಮ್ಮ, ಕಾಲು ತೋರಿಸು.’

‘ಏನಿಲ್ಲ ಕಣೇ. ಸೊಳ್ಳೆ ಕಚ್ಚಿರಬೇಕು.’

‘ಯಾವ ಸೊಳ್ಳೆಯಮ್ಮ ಅದು, ಆನೆ ಗಾತ್ರದ್ದಾ?’ ಎನ್ನುತ್ತ ಮಗಳು ಬಟ್ಟೆ ಮೇಲೆತ್ತಿ ನೋಡಿದಳು. ಹತ್ತು ನಿಮಿಷದಲ್ಲಿ ಇಬ್ಬರೂ ಅದೇ ಬೀದಿಯ ಕ್ಲಿನಿಕ್ಕಿನಲ್ಲಿದ್ದರು.

ಡಾಕ್ಟರಮ್ಮನಿಗೆ ವಯಸ್ಸಾಗಿತ್ತು, ಮಾತು ಕಡಿಮೆ. ಅಕ್ಕನನ್ನು ಮಂಚದ ಮೇಲೆ ಮಲಗಿಸಿ, ಎರಡೂ ಕಾಲಿನ ಸುತ್ತಳತೆಯನ್ನು ಟೇಪಿನಲ್ಲಿ ನೋಡಿದರು.

‘ಯಾವುದಾದ್ರೂ ಮಾತ್ರೆ ತಗೋತಿದ್ದೀರಾ?’

‘ಇಲ್ಲ,’ ಎಂದಳು ಅಕ್ಕ.

‘ಯಾಕಮ್ಮ ಇಲ್ಲ ಅಂತೀಯಾ?’ ಎಂದಳು ಮಗಳು. ‘ಡಾಕ್ಟರೇ, ಅಮ್ಮ ಡೇಟ್ ಮುಂದಕ್ಕೆ ಹಾಕೋ ಮಾತ್ರೆ ತಗೋತಿದ್ದಾಳೆ. ಇವತ್ತಿಗೆ ಆರು ದಿನ.’

ಡಾಕ್ಟರಮ್ಮ ಟೇಪನ್ನು ಕೆಳಗಿಟ್ಟರು. ‘ಅದನ್ನ ಈಗಲೇ ನಿಲ್ಲಿಸಿ. ಇದು ರಕ್ತ ಹೆಪ್ಪುಗಟ್ಟಿರೋ ಹಾಗಿದೆ, ದೊಡ್ಡಾಸ್ಪತ್ರೇಲಿ ಸ್ಕ್ಯಾನ್ ಆಗಬೇಕು. ಮೊದಲು ಯಾವತ್ತಾದ್ರೂ ಹೀಗಾಗಿತ್ತಾ?’

ಅಕ್ಕ ಗೋಡೆಯ ಕಡೆ ನೋಡಿದಳು. ‘ಇಲ್ಲ.’

‘ಒಂದು ಸಲ ಆದವರು ಆ ಮಾತ್ರೆ ಮುಟ್ಟಲೇಬಾರದು. ಅದಕ್ಕೇ ಕೇಳಿದ್ದು. ಕೆಲವು ಮನೆತನಗಳಲ್ಲಿ ಇದು ರಕ್ತದಲ್ಲೇ ಬರುತ್ತೆ, ಹೆತ್ತವರಿಂದ ಮಕ್ಕಳಿಗೆ.’ ಇಷ್ಟು ಹೇಳಿ ಅವರು ಆಂಬುಲೆನ್ಸಿಗೆ ಫೋನ್ ಮಾಡಲು ಪಕ್ಕದ ಕೋಣೆಗೆ ಹೋದರು.

ಹೆತ್ತವರಿಂದ ಮಕ್ಕಳಿಗೆ. ಅಕ್ಕ ಮಗಳ ಕಾಲಿನ ಕಡೆ ನೋಡಿದಳು.

ಅಷ್ಟರಲ್ಲಿ ಮಗಳ ಫೋನು ಗಂಟೆ ಹೊಡೆಯಿತು. ಅವಳು ಅದನ್ನು ಆರಿಸಿ, ಚೀಲದಿಂದ ಮಾತ್ರೆಯ ಹಾಳೆ ತೆಗೆದು, ಒಂದು ಕ್ಷಣ ಅನುಮಾನಿಸಿದಳು. ‘ಅಮ್ಮ, ನಿನಗೆ ನಿಜವಾಗ್ಲೂ ಮೊದಲು ಯಾವತ್ತೂ ಆಗಿಲ್ಲ ತಾನೇ?’

‘ಆಗಿಲ್ಲ,’ ಎಂದಿತು ಬಾಯಿ, ಅಕ್ಕನನ್ನು ಕೇಳದೆಯೇ.

‘ಹಾಗಾದ್ರೆ ನಾನು ತಗೋತೀನಿ. ಈಗ ಬಿಟ್ರೆ ಆಸ್ಪತ್ರೇಲೇ ಶುರುವಾಗುತ್ತೆ. ನಿನ್ನ ನೋಡ್ಕೊಳ್ಳೋಕೆ ನಾನೊಬ್ಬಳೇ ಇರೋದು.’ ಮಗಳು ಮಾತ್ರೆಯನ್ನು ಅಂಗೈಗೆ ಒತ್ತಿಕೊಂಡು, ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು.

ಅಕ್ಕ ಮಂಚದಿಂದ ಅರ್ಧ ಎದ್ದು ಆ ಕೈಗೆ ಬಡಿದಳು. ಮಾತ್ರೆ ಎಲ್ಲೋ ಹಾರಿತು, ಬಾಟಲಿ ಬಿದ್ದು ನೆಲವೆಲ್ಲ ನೀರಾಯಿತು.

‘ಬೇಡ ಕಣೇ! ಆಗಿತ್ತು. ನನಗೆ ಆಗಿತ್ತು. ಇದೇ ಕಾಲು.’

‘ಯಾವಾಗ?’

‘ನೀನು ಹುಟ್ಟಿದ ಒಂಬತ್ತನೇ ದಿನ. ಹನ್ನೆರಡು ದಿನ ಆಸ್ಪತ್ರೇಲಿದ್ದೆ.’

‘ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?’

ಇನ್ನು ಅಕ್ಕನಿಗೆ ಹೇಳದೆ ವಿಧಿಯಿರಲಿಲ್ಲ. ‘ನಿಮ್ಮಜ್ಜಿ ನಿನ್ನ ಕಾಲ್ಗುಣ ಸರಿಯಿಲ್ಲ ಅಂದ್ರು. ತಾಯಿ ಕಾಲು ತಿಂತು ಅಂದ್ರು. ನಿನಗೆ ಆ ಮಾತು ಗೊತ್ತಾಗಬಾರದು ಅಂತ...’

ಮಗಳು ಗದರಲಿಲ್ಲ, ಅಳಲೂ ಇಲ್ಲ. ಬರಿದಾದ ಬಾಟಲಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ‘ಆ ಮಾತು ಕೇಳಿದ್ರೆ ನಾನು ಸಾಯ್ತಿರ್ಲಿಲ್ಲ ಅಮ್ಮ,’ ಎಂದಳು. ‘ಆರು ದಿನದಿಂದ ನುಂಗ್ತಿದ್ದೀನಿ. ನೀನೇ ತಂದು ಕೊಟ್ಟಿದ್ದು.’

ತನ್ನ ಪ್ರೀತಿಯ ಮೇಲೆ ಅಕ್ಕನಿಗೆ ಜೀವನದಲ್ಲಿ ಮೊದಲ ಸಲ ಹೇಸಿಗೆಯಾಯಿತು.

ಸದ್ದಿಗೆ ಡಾಕ್ಟರಮ್ಮ ಬಾಗಿಲಿಗೆ ಬಂದರು. ಅಕ್ಕ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು, ಮಗಳ ಮಾತ್ರೆಯನ್ನೂ ಸೇರಿಸಿ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಗಳನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಲು ಹೇಳಿದರು. ಟೇಪು ಹಿಡಿದರು. ಎದೆ ನೋವು, ಏದುಸಿರು ಏನಾದರೂ ಇದೆಯೇ ಎಂದು ಕೇಳಿದರು. ಆಮೇಲೆ ಹೆಬ್ಬೆರಳಿನಿಂದ ಮೀನಖಂಡವನ್ನು ಮೆಲ್ಲಗೆ ಒತ್ತಿದರು.

‘ನೋವಿದೆಯಾ?’

ಮಗಳು ಒಮ್ಮೆ ಅಮ್ಮನ ಮುಖ ನೋಡಿದಳು. ನೀರಿಳಿಯುತ್ತಿದ್ದ ಆ ಕಣ್ಣುಗಳನ್ನೂ, ಮಂಚದ ಮೇಲೆ ಚಾಚಿದ ದಪ್ಪಗಿನ ಕಾಲನ್ನೂ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

‘ಇಲ್ಲ,’ ಎಂದಳು.

ಡಾಕ್ಟರಮ್ಮ ತಲೆಯಾಡಿಸಿ ಕೈ ತೆಗೆದರು. ಅಕ್ಕನಿಗೆ ಹೋದ ಜೀವ ಬರಬೇಕಿತ್ತು, ಬರಲಿಲ್ಲ. ಆ ‘ಇಲ್ಲ’ದ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಬ್ಬರ ಮನಸ್ಸು ನೋಯದಿರಲೆಂದು ಹೇಳುವ ‘ಇಲ್ಲ’ ಅದು. ಅಥವಾ ನಿಜವಾಗಿಯೂ ನೋವಿಲ್ಲವೇನೋ. ಎರಡರಲ್ಲಿ ಯಾವುದೆಂದು ಹೆತ್ತ ತಾಯಿಗೇ ತಿಳಿಯಲಿಲ್ಲ.

‘ಡಾಕ್ಟರೇ,’ ಎಂದಳು ಅಕ್ಕ, ‘ಅವಳ ಮಾತು ನಂಬಬೇಡಿ. ನನಗೆ ಮಾಡೋ ಸ್ಕ್ಯಾನ್ ಅವಳಿಗೂ ಮಾಡಿಸಿ. ಅವಳು ನನ್ನ ಮಗಳು.’