ಹೆಬ್ಬೆರಳ ಮೇಲೆ ಮೂರು ತಟ್ಟು

ಮತ್ತೆ ಎದ್ದು ಕೂತನಲ್ಲ ಮುದುಕ, ಸ್ಕ್ಯಾನರ್‌ನ ಬಾಯಿಗೆ ತಲೆ ಹೋಗುವಷ್ಟರಲ್ಲಿ, ಎರಡನೇ ಸಲ — ವೆಸ್ಟ್‌ಮೀಡ್ ಆಸ್ಪತ್ರೆಯ ಈ ಎ.ಸಿ.ಯಲ್ಲೂ ಹಣೆಯೆಲ್ಲ ಬೆವರು, ಅನಸೂಯಾ ಟವೆಲ್ ಒತ್ತಿದಳು, ಹನ್ನೊಂದು ವರ್ಷದ ನರ್ಸ್ ಕೆಲಸದಲ್ಲಿ ಇಂಥ ಹೆದರಿಕೆಗೆ ಅವಳು ಸೋತದ್ದಿಲ್ಲ, ಇವತ್ತೂ ಸೋಲುವವಳಲ್ಲ, ಆದರೆ ಡಾಕ್ಟರ್ ಕೌಶಿಕ್ ಗಡಿಯಾರ ನೋಡುತ್ತಿದ್ದಾನೆ, ಸಿಸ್ಟರ್, ಈ ಲಂಗ್ಸ್ ಇಟ್ಕೊಂಡು ಸೆಡೇಶನ್ ಕೊಟ್ಟರೆ ಏಳೋದೇ ಡೌಟು, ಸ್ಕ್ಯಾನ್ ಇಲ್ಲದೆ ತಲೆಯೊಳಗಿನ ಗಡ್ಡೆ ಮುಟ್ಟೋಕಾಗಲ್ಲ, ಸ್ಕ್ಯಾನ್ ನಾಳೆಗೆ ಅಂದ್ರೆ ಕಣ್ಣು ಹೋದ ಹಾಗೇ. ಲಂಗ್ಸ್ — ಆ ಕೆಮ್ಮು ಅವಳಿಗೆ ಗೊತ್ತು, ಒಳಗೆ ಜಲ್ಲಿ ಜಾರಿದ ಹಾಗೆ, ಕೆಜಿಎಫ್‌ನ ಮನೆಯಲ್ಲಿ ಅಪ್ಪ ಕೆಮ್ಮುತ್ತಿದ್ದದ್ದೂ ಹೀಗೇ, ಕಲ್ಲಿನ ಧೂಳು ತಿಂದವರ ಕೆಮ್ಮು, ಫೋನ್ ಹಚ್ಚಿದಳು, ಮೆಲ್ಬರ್ನ್‌ನಲ್ಲಿ ಮುದುಕನ ಮಗಳು ಹಾನಾ, ನಿಮ್ಮಪ್ಪ ಗಣಿಯಲ್ಲಿದ್ದರಾ? ಹೌದು, ಚೆಕ್ ದೇಶದ ಒಂದು ಸಣ್ಣ ಹಳ್ಳಿ, ತವರದ ಗಣಿ, ಹತ್ತೊಂಬತ್ತನೇ ವಯಸ್ಸಿಗೆ ಎರಡು ದಿನ ಮಣ್ಣಡಿ ಸಿಕ್ಕಿಕೊಂಡಿದ್ದ, ಈಗ ಗಣಿಯ ತುಂಬ ನೀರು, ಊರಲ್ಲಿ ಒಂಬತ್ತು ಜನ, ಕತ್ತಲಿಗೆ ಹೆದರಲ್ಲ ಅಪ್ಪ, ಮೇಲೆ ಯಾರೂ ಇಲ್ಲ ಅನ್ನೋದಕ್ಕೆ ಹೆದರ್ತಾನೆ — ಅಷ್ಟೇ ತಾನೆ! ಅನಸೂಯಾಳ ಅಪ್ಪ ಹೇಳುತ್ತಿದ್ದ, ಮೇಲಿಂದ ಮೂರು ಸಲ ಬಡಿದ ಸದ್ದು ಕೇಳಿದ್ರೆ ಸಾಕಮ್ಮ, ಒಳಗಿರೋನು ಇನ್ನೂ ಮೂರು ದಿನ ಬದುಕ್ತಾನೆ. ನಾನು ಒಳಗೇ ನಿಲ್ತೀನಿ ಡಾಕ್ಟ್ರೇ. ಅಷ್ಟು ಹೊತ್ತಾ? ಅಷ್ಟೂ ಹೊತ್ತು. ಸಿಸ್ಟರ್ ಜೊತೆಗೇ ಇರ್ತಾರೆ ಅಂತ ಹಾನಾ ಫೋನಿನಲ್ಲೇ ಅಪ್ಪನಿಗೆ ಅವನ ಭಾಷೆಯಲ್ಲಿ ಹೇಳಿದಳು, ಮುದುಕ ಅನಸೂಯಾಳನ್ನು ದಿಟ್ಟಿಸಿದ, ಜ್ದಾರ್ ಬೂಹ್ ಅಂದ, ಗಣಿಗಿಳಿಯೋರು ದೇವರು ಕಾಯಲಿ ಅಂತ ಹೇಳೋ ಮಾತು ಅದು ಅಂದಳು ಹಾನಾ, ಮುದುಕ ತಾನಾಗಿ ಮಲಗಿದ. ಯಂತ್ರ ಬಂಡೆ ಒಡೆದಂತೆ ಗುಡುಗುತ್ತದೆ, ಅವಳು ಹೊರಗುಳಿದ ಪಾದ ಹಿಡಿದಿದ್ದಾಳೆ, ಹೆಬ್ಬೆರಳ ಮೇಲೆ ಮೂರು ತಟ್ಟು, ಬಿಡುವು, ಮೂರು ತಟ್ಟು, ಸೊಂಟ ಹಿಡಿಯಿತು, ಹಿಡಿಯಲಿ, ನಲವತ್ತು ನಿಮಿಷ ಆ ಪಾದ ಅಲುಗಲಿಲ್ಲ. ಗಾಜಿನಾಚೆ ಕೌಶಿಕ್ ಹೆಬ್ಬೆರಳೆತ್ತಿದ, ಚಿತ್ರ ಕ್ಲಿಯರ್, ನಾಳೆ ಬೆಳಿಗ್ಗೆ ಆಪರೇಷನ್. ಹಲಗೆ ಹೊರಗೆ ಸರಿಯಿತು, ಮುದುಕ ಕಣ್ಣು ಬಿಟ್ಟ, ಹರಕು ಇಂಗ್ಲಿಷಿನಲ್ಲಿ ಕೇಳಿದ, ನಿನ್ನ ಅಪ್ಪ, ಯಾವ ಗಣಿ? — ಅವಳು ಹೇಳಿಯೇ ಇರಲಿಲ್ಲ, ಹೇಗೆ ತಿಳಿಯಿತು ಇವನಿಗೆ, ಆ ಮೂರು ತಟ್ಟಿನಿಂದಲೇ ಇರಬೇಕು, ಚಾಂಪಿಯನ್ ರೀಫ್ ಅನ್ನಬೇಕು, ಚಿನ್ನದ್ದು, ಅದೂ ಮುಚ್ಚಿ ಎಷ್ಟೋ ವರ್ಷ, ಅನ್ನಬೇಕು, ಆದರೆ ಯಾವತ್ತೂ ಬರುವ ಚಿತ್ರವೇ ಬಂದು ನಿಂತಿದೆ, ಗಣಿಯ ಗೇಟಿನ ಹೊರಗೆ ಅಮ್ಮನ ಸೆರಗು ಹಿಡಿದ ಏಳು ವರ್ಷದವಳು, ಆಕಾಶದೆತ್ತರದ ರಾಟೆ, ಗ್ರೀಸು ಬಳಿದ ಕಪ್ಪು ಹಗ್ಗ, ಅದರ ತುದಿಗೆ ಅಪ್ಪನಿರುವ ಲಿಫ್ಟು, ಮೇಲೆ ಬರುತ್ತಿದೆ, ಬರುತ್ತಿದೆ —